ಅಜ್ಜ ನುಂಗಿದ ಚೀಟಿ

ಹರಿಹರದಲ್ಲಿ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುವ ನನ್ನ ತಂಗಿ ಒಂದು ಬೆಳಿಗ್ಗೆ ಫೋನ್ ಮಾಡಿ, "ಅಕ್ಕಾ, ಅರವತ್ತು ಒಳ್ಳೆ ಮಾತು ಬರ್ದುಕೊಡು, ಒಂದೊಂದು ಸಾಲು ಸಾಕು" ಅಂದಳು. ಮಲೆಬೆನ್ನೂರಿನ ಮನೆಯೊಂದರವರು ಮಗಳ ನಿಶ್ಚಿತಾರ್ಥಕ್ಕೆ ಫಾರ್ಚೂನ್ ಕುಕಿ ಕೇಳಿದ್ದರು. ಹುಡುಗಿ ಯಾವುದೋ ವಿಡಿಯೋದಲ್ಲಿ ನೋಡಿದ್ದಳಂತೆ: ಮಡಚಿದ ತೆಳು ಬಿಸ್ಕತ್ತು, ಮುರಿದರೆ ಒಳಗೆ ಭವಿಷ್ಯದ ಚೀಟಿ.

ನಾನು ದಾವಣಗೆರೆಯ ವಿದ್ಯಾನಗರದಲ್ಲಿದ್ದುಕೊಂಡು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಅರವತ್ತು ಸಾಲು ಯಾವ ದೊಡ್ಡ ಕೆಲಸ ಅಂದುಕೊಂಡೆ. ಹತ್ತಕ್ಕೇ ಕೈ ನಿಂತಿತು. ಗುರುತಿಲ್ಲದವರಿಗೆ 'ನಿಮಗೆ ಒಳ್ಳೆಯದಾಗುತ್ತದೆ' ಎಂದು ಬರೆಯಲು ನಾನು ಯಾರು? ಮೂರು ದಿನ ಪಾಠದ ನಡುವೆಯೂ, ಸಿಟಿ ಬಸ್ಸಿನಲ್ಲೂ ಅದೇ ಗುಂಗು. ತಪ್ಪಿಸಿಕೊಳ್ಳಲು ಆ ಬಿಸ್ಕತ್ತಿನ ಮೂಲ ಹುಡುಕುತ್ತ ಕೂತೆ. ಅದು ಚೀನಾದ್ದಲ್ಲವಂತೆ. ಜಪಾನಿನ ದೇವಸ್ಥಾನಗಳ ಬಳಿಯ ಅಂಗಡಿಗಳಲ್ಲಿ ಎಳ್ಳು ಹಾಕಿ ಸುಡುತ್ತಿದ್ದದ್ದು, ವಲಸೆ ಹೋದವರ ಜೊತೆ ಅಮೆರಿಕಕ್ಕೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸರಕಾರ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿದಾಗ ಅವರ ಬೇಕರಿಗಳು ಮುಚ್ಚಿ, ಕಸುಬು ಚೀನೀಯರ ಕೈಗೆ ಬಂತು. ಓದಿ ನನ್ನ ತಳಮಳ ಇನ್ನೂ ಹೆಚ್ಚಿತು. ಮಾಡುತ್ತಿದ್ದವರಿಗೇ ಆಗದ ಶುಭ ನನ್ನ ಸಾಲಿನಿಂದ ಯಾರಿಗೆ ಆದೀತು?

ಹೇಗೋ ಅರವತ್ತು ಮುಗಿಸಿದೆ. ನೋಟ್‌ಬುಕ್ಕಿನಲ್ಲಿ ಒಂದು ಪ್ರತಿ ಉಳಿಸಿಕೊಂಡೆ.

ನಿಶ್ಚಿತಾರ್ಥಕ್ಕೆ ತಂಗಿಯ ಜೊತೆ ನಾನೂ ಹೋದೆ. ಊಟವಾದ ಮೇಲೆ ಕುಕಿ ಹಂಚಿದೆವು. ಜನ ಚೀಟಿ ಓದಿ ನಗುತ್ತಿದ್ದಾಗ ಹುಡುಗಿಯ ಅಜ್ಜ ಬಾಯಿ ಒರೆಸಿಕೊಂಡು, "ಬಿಸ್ಕತ್ತು ಚಲೋ ಐತೆ. ಸ್ವಲ್ಪ ನಾರು ನಾರು" ಅಂದರು.

"ಅಜ್ಜಾ, ಚೀಟಿ ಎಲ್ಲಿ?" ಹುಡುಗಿ ಕೇಳಿದಳು.

"ಯಾವ ಚೀಟಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜ ನಗಲಿಲ್ಲ. ಜಪಾನಿನಲ್ಲಿ ಚೀಟಿಯನ್ನು ಹೊರಗಿನ ಮಡಿಕೆಗೆ ಸಿಕ್ಕಿಸುತ್ತಿದ್ದರೆಂದು ಓದಿದ್ದೆ. ಹಾಗೇ ಮಾಡಿಸಬಾರದಿತ್ತೇ ಎಂದು ಕೈ ಹಿಸುಕಿಕೊಂಡೆ. ಅಷ್ಟರಲ್ಲಿ ಅವರು ಕೋಲೂರಿಕೊಂಡು ನನ್ನ ಹತ್ತಿರವೇ ಬಂದರು.

"ನೀವೇ ಬರ್ದಿದ್ದಂತಲ್ಲ, ತಾಯೀ. ನನ್ನ ಚೀಟ್ಯಾಗ ಏನಿತ್ತು?"

"ಒಳ್ಳೇದೇ ಇತ್ತು ಬಿಡ್ರಿ, ಅಜ್ಜಾ."

"ಹಂಗೆ ತೇಲಿಸಬ್ಯಾಡ್ರಿ. ಏನಿತ್ತು ಹೇಳ್ರಿ."

ಇನ್ನೊಂದು ಕುಕಿ ಕೊಟ್ಟರೆ, "ಅದು ಬ್ಯಾರೇರದ್ದು" ಎಂದು ತಳ್ಳಿದರು. ಕಡೆಗೆ ನಾನೂ ತಂಗಿಯೂ ಮೇಜುಗಳ ಮೇಲಿದ್ದ ಚೀಟಿ ಆಯ್ದು, ಜೇಬಿಗಿಟ್ಟವರನ್ನು ಕೇಳಿ, ಮಿಕ್ಕ ಕುಕಿಗಳನ್ನು ಮುರಿದು, ನೋಟ್‌ಬುಕ್ಕಿನ ಸಾಲುಗಳಿಗೆ ಗುರುತು ಹಾಕುತ್ತ ಹೋದೆವು. ಒಂದೇ ಒಂದು ಉಳಿಯಿತು. 'ಮಾತು ಬಿಟ್ಟವರು ತಾವಾಗಿ ಬರುತ್ತಾರೆ.'

ಓದಿ ಹೇಳಿದೆ. ಅಜ್ಜ ಹೋಗಿ ಬಾಗಿಲ ಕಡೆ ಮುಖ ಮಾಡಿ ಕೂತರು. ಅವರ ತಮ್ಮ ಕುಕ್ಕುವಾಡದಲ್ಲಿದ್ದಾರೆ ಎಂದು ಹುಡುಗಿಯ ತಾಯಿ ಆಮೇಲೆ ಹೇಳಿದರು. ಅಪ್ಪನ ಕಾಲದ ಎತ್ತಿನ ಜೋಡಿಯನ್ನು ಅಣ್ಣ ಹೇಳದೆ ಮಾರಿದರೆಂದು ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮರುದಿನದಿಂದ ಬಸ್ಸಿನ ಸದ್ದಾದರೆ ಅಜ್ಜ ಬಾಗಿಲಿಗೆ ಬಂದು ನಿಲ್ಲುತ್ತಾರೆಂದು ಹುಡುಗಿಯ ತಾಯಿಯಿಂದ ಕೇಳಿ ತಂಗಿ ಫೋನಿನಲ್ಲಿ ಹೇಳಿದಳು. ಸುಮ್ಮನೆ ಬರೆದದ್ದು ಎಂದು ಹೇಳಿಬಿಡಲೇ? ಎರಡು ಸಲ ಅವರ ಮನೆಗೆ ಫೋನ್ ಹಚ್ಚಿದೆ. ಎರಡು ಸಲವೂ ಅಜ್ಜನೇ ಎತ್ತಿದರು. ಕ್ಷೇಮ ವಿಚಾರಿಸಿ ಇಟ್ಟುಬಿಟ್ಟೆ.

ಮದುವೆಗೆ ನನ್ನನ್ನೂ ಕರೆದಿದ್ದರು. ಅಜ್ಜನ ತಮ್ಮ ಬಂದರು. ಹುಡುಗಿಯ ತಾಯಿಯೇ ಹೋಗಿ ಪತ್ರಿಕೆ ಕೊಟ್ಟು ಬಂದಿದ್ದರಂತೆ. ಹಿಂದಿನ ಸಾಲಿನಲ್ಲಿ ಕೂತು, ಅಕ್ಷತೆ ಹಾಕಿ, ಉಂಡು, ಅಣ್ಣನ ಕಡೆ ತಿರುಗಿಯೂ ನೋಡದೆ ಹೊರಟುಹೋದರು. ನಾನು ಕಂಬದ ಮರೆಗೆ ಸರಿದೆ. ಅಜ್ಜ ಬಿಡಲಿಲ್ಲ.

"ನೋಡಿದ್ರಾ? ಬಂದ."

"ಮಾತಾಡಲಿಲ್ಲಲ್ರಿ, ಅಜ್ಜಾ."

"ಬರ್ತಾನ ಅಂತ ಬರ್ದಿದ್ರಿ. ಮಾತಾಡ್ತಾನ ಅಂತ ಎಲ್ಲಿ ಬರ್ದಿದ್ರಿ?" ಅಂದವರು ಪಕ್ಕದ ಕುರ್ಚಿಯವರ ಕಡೆ ತಿರುಗಿ, ನಾಳೆ ಕುಕ್ಕುವಾಡಕ್ಕೆ ಮೊದಲ ಬಸ್ ಎಷ್ಟೊತ್ತಿಗೆ ಎಂದು ಕೇಳತೊಡಗಿದರು.