ಬಸ್ಸಿನ ಹೊಗೆಯೂ ಒಂದು ತಟ್ಟೆ ಹುಳವೂ

ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಬೆಳಗಿನ ಬಸ್ಸು ನಮ್ಮ ಮನೆ ಮುಂದಿನ ಹುಣಸೆಮರದ ಕೆಳಗೆ ಅರ್ಧ ಗಂಟೆ ನಿಲ್ಲುತ್ತಿತ್ತು. ಡ್ರೈವರು ಕಂಡಕ್ಟರು ಇಳಿದು ಇಡ್ಲಿ ತಿನ್ನುವರು, ಬೀಡಿ ಸೇದುವರು. ಎಂಜಿನ್ ಮಾತ್ರ ಆರಿಸುತ್ತಿರಲಿಲ್ಲ. ಬ್ಯಾಟರಿ ಸತ್ತ ಬಸ್ಸು, ಒಂದು ಸಲ ಆರಿಸಿದರೆ ಮತ್ತೆ ಹತ್ತುವುದಿಲ್ಲ ಅನ್ನೋದು ಅವರ ಮಾತು. ಆ ಅರ್ಧ ಗಂಟೆಯೂ ಅದರ ಕೊಳವೆ ನಮ್ಮ ಜಗಲಿ ಕಡೆ ಮುಖ ಮಾಡಿಕೊಂಡು ಕರೀ ಹೊಗೆ ಕಾರುತ್ತಿತ್ತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷ ಆಗಿದ್ದ ಕಾಲ. ಮನೆ ಮುಂದೆ ಬಸ್ಸು ನಿಲ್ಲುತ್ತದೆ ಅನ್ನೋದೇ ದೊಡ್ಡಸ್ತಿಕೆ. ಹೊಗೆ ಕೆಟ್ಟದ್ದು ಅಂತ ಯಾರೂ ಅಂದವರಿಲ್ಲ.

ಯಾರೂ ಅಂದರೆ, ಮನುಷ್ಯರ ವಿಚಾರಕ್ಕೆ. ಹುಳದ ವಿಚಾರ ಬೇರೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳದ ಕೋಣೆ ಹತ್ತಿರ ಯಾರೂ ಬೀಡಿ ಹಚ್ಚುವ ಹಾಗಿಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಹೊರಗಿಂದ ಬಂದವರು ಕಾಲು ತೊಳೆಯದೆ ಹೊಸಿಲು ದಾಟುವ ಹಾಗಿಲ್ಲ. ಬಸ್ಸು ನಿಂತಿರುವಷ್ಟು ಹೊತ್ತು ಆ ಕೋಣೆಯ ಕಿಟಕಿ ಬಾಗಿಲು ಮುಚ್ಚಿಯೇ ಇರುತ್ತಿದ್ದವು. ಹುಳಕ್ಕೆ ಹೊಗೆ ತಾಗೀತು ಅಂತ ನಮ್ಮತ್ತೆ ಅಡುಗೆ ಒಲೆಯನ್ನೇ ಹಿತ್ತಿಲಿಗೆ ಹಾಕಿಸಿದ್ದರು. ಆ ಒಲೆ ಮುಂದೆ ಮಳೆಯಲ್ಲಿ ನೆನೆದುಕೊಂಡು ನಾನು ಬೇಯಿಸುತ್ತಿದ್ದೆ.

ನನ್ನ ಮಗಳಿಗೆ ಮೂರು ವರ್ಷ ಆದಾಗ ನಾಯಿಕೆಮ್ಮು ಬಂತು. ಕೆಮ್ಮೋಕೆ ಶುರು ಮಾಡಿದರೆ ನಿಲ್ಲುತ್ತಿರಲಿಲ್ಲ. ಕೊನೆಗೆ ಕೂಗಿದ ಹಾಗೆ ಉಸಿರೆಳೆದು, ತಿಂದದ್ದೆಲ್ಲ ಕಕ್ಕಿ, ಬಟ್ಟೆ ಹಾಗೆ ಬಿದ್ದುಕೊಳ್ಳುವಳು. ಕಷಾಯ ಆಯಿತು, ಜೇನುತುಪ್ಪ ಆಯಿತು, ಮಾದಪ್ಪನ ಧೂಳ್ತ, ಅಂದರೆ ವಿಭೂತಿ, ಹಚ್ಚಿದ್ದಾಯಿತು. ಆಗ ಪಕ್ಕದ ಮನೆ ಮುದುಕಿ ಹೇಳಿದಳು, ಬಸ್ಸಿನ ಹೊಗೆ ಕುಡಿಸು, ಮೂರು ಬೆಳಗು ಕುಡಿಸಿದರೆ ನಾಯಿಕೆಮ್ಮು ಸುಟ್ಟು ಹೋಗುತ್ತದೆ ಅಂತ. ಅವಳ ಮೊಮ್ಮಗನಿಗೆ ಹಾಗೇ ವಾಸಿಯಾಯಿತಂತೆ. ನಾನು ನಂಬಿದೆ. ಮನೆ ಮುಂದೆಯೇ ಔಷಧಿ ಇಟ್ಟುಕೊಂಡು ಸುಮ್ಮನಿದ್ದೆನಲ್ಲ ಅಂತಲೂ ಅಂದುಕೊಂಡೆ. ಈಗ ನಗುವವರು ನಗಲಿ.

ಮೊದಲ ದಿನ, ಯಾರಿಗೂ ಹೇಳದೆ, ಮನೆಯವರು ಸೊಪ್ಪಿಗೆ ತೋಟಕ್ಕೆ ಹೋದ ಹೊತ್ತಿನಲ್ಲಿ ಮಗೂನ ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿನ ಹಿಂದೆ ನಿಂತೆ. ಅವಳು ಮುಖ ತಿರುಗಿಸಿದಳು. ಗಲ್ಲ ಹಿಡಿದು ಕೊಳವೆ ಕಡೆಗೇ ತಿರುಗಿಸಿದೆ. ಎರಡನೇ ದಿನವೂ ಹಾಗೇ. ಮೂರನೇ ದಿನ ಅವಳು ಕೆಮ್ಮಲೇ ಇಲ್ಲ. ವಾಸಿಯಾಯಿತು ಅಂತ ಒಂದು ಕ್ಷಣ ಖುಷಿಪಟ್ಟೆ. ಮುಖ ನೋಡಿದರೆ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಬೆನ್ನಿಗೆ ಗುದ್ದಿದೆ. ಮತ್ತೆ ಗುದ್ದಿದೆ. ಎಲ್ಲೋ ದೂರದಿಂದ ಬಂದ ಹಾಗೆ ಒಂದು ಎಳೆ ಉಸಿರು ಬಂತು. ಅದೇ ಬಸ್ಸು ಹತ್ತಿ ಅವಳನ್ನು ಕೊಳ್ಳೇಗಾಲಕ್ಕೆ ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ ಅವಳ ಮೂಗಿನ ಹತ್ತಿರ ನನ್ನ ಕೆನ್ನೆ ಇಟ್ಟುಕೊಂಡೇ ಇದ್ದೆ.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ, ಮಗು ಎಲ್ಲಾದರೂ ಹೊಗೆ ಕುಡಿದಿದೆಯಾ ಅಂತ ಕೇಳಿದರು. ಒಲೆ ಹೊಗೆ ಅಂದೆ. ಅತ್ತೆ ಹಿಂದೇನೇ ನಿಂತಿದ್ದರು, ಇನ್ನೊಂದು ಬಸ್ಸಿನಲ್ಲಿ ಬಂದಿದ್ದರು. ನಿಜ ಹೇಳಲು ಬಾಯಿ ಬರಲಿಲ್ಲ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಈ ಮಗುವಿನ ಎದೆಗೆ ಇನ್ನು ಹೊಗೆ ತಾಗಕೂಡದು, ಇನ್ನೊಂದು ಸಲ ಹೀಗಾದರೆ ಬದುಕುತ್ತದೆ ಅಂತ ಹೇಳಲಾರೆ.

ನಾಯಿಕೆಮ್ಮು ಹೋಯಿತು, ಉಬ್ಬಸ ಉಳಿಯಿತು. ಬಸ್ಸು ಮಾತ್ರ ದಿನಾ ಬೆಳಗ್ಗೆ ಬಂದು ನಿಲ್ಲುತ್ತಿತ್ತು. ಅದರ ಸದ್ದು ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದೆ. ಮಗೂನ ಎತ್ತಿಕೊಂಡು ಹಿತ್ತಿಲು ದಾಟಿ ಹಿಪ್ಪುನೇರಳೆ ತೋಟದ ಕೊನೆಗೆ ಓಡುತ್ತಿದ್ದೆ, ಬಸ್ಸು ಹೋಗುವವರೆಗೂ ಅಲ್ಲೇ. ಗಾಳಿ ಈ ಕಡೆಗೆ ಬೀಸಿದರೆ ಅಲ್ಲಿಗೂ ವಾಸನೆ ಬರೋದು. ಗಂಡನಿಗೆ ಹೇಳಿದೆ, ಬಸ್ಸಿನವರಿಗೆ ಎಂಜಿನ್ ಆರಿಸಲು ಹೇಳಿ ಅಂತ. ಹೆಣ್ಣುಮಗು ಕೆಮ್ಮಿತು ಅಂತ ಬಸ್ಸು ನಿಲ್ಲಿಸೋಕಾಗ್ತದಾ ಅಂದರು. ಮಾವನಿಗೆ ಹೇಳಿದೆ. ಅವರು ಕೇಳಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡರು.

ಆಗ ನಾನು ಮಾಡಿದ ಕೆಲಸ ಒಂದಿದೆ. ನಮ್ಮ ತೋಟದ ಒಂದು ಬದಿಯ ಬೇಲಿ ಸಾಲು ರಸ್ತೆಗೆ ತಾಗಿಕೊಂಡಿತ್ತು. ಆ ಸಾಲಿನ ಸೊಪ್ಪು ಒರೆಸಿದರೆ ಸೆರಗು ಕಪ್ಪಾಗುತ್ತಿತ್ತು. ಅದನ್ನು ನಾವು ಹುಳಕ್ಕೆ ಹಾಕುತ್ತಿರಲಿಲ್ಲ, ಆಡಿಗೆ ಹಾಕುತ್ತಿದ್ದೆವು. ಹುಳ ನಾಲ್ಕನೇ ಜ್ವರಕ್ಕೆ ಕೂತು ಎದ್ದಿದ್ದವು. ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಎದ್ದ ಮೇಲೆ ಅವಕ್ಕೆ ಹೊಟ್ಟೆಬಾಕತನ. ಹುಳ ಸಾಕುವ ಬಿದಿರು ತಟ್ಟೆಗಳಲ್ಲಿ ನಾನು ಬಾಗಿಲ ಹತ್ತಿರದ ಒಂದನ್ನು ಗುರುತು ಮಾಡಿಕೊಂಡು, ಅದಕ್ಕೆ ಮಾತ್ರ ಬೇಕಂತಲೇ ಆ ಬೇಲಿ ಸಾಲಿನ ಸೊಪ್ಪು ಹಾಕಿದೆ. ಒಂದು ದಿನ ಅಲ್ಲ, ಮೂರು ದಿನ. ಹುಳ ಮೊದಲು ತಿಂದವು. ಆಮೇಲೆ ತಲೆ ಎತ್ತಿಕೊಂಡು ಸುಮ್ಮನಾದವು. ಆಮೇಲೆ ಮೆತ್ತಗಾಗಿ ಸಾಲಾಗಿ ಸತ್ತವು. ನೋಡುತ್ತಾ ನಿಂತಿದ್ದವಳಿಗೆ ನನ್ನ ಕೈ ಕಂಡೇ ಹೆದರಿಕೆಯಾಯಿತು. ಹುಳದ ಮನೆಯಲ್ಲಿ ಹುಳ ಕೊಂದ ಸೊಸೆಯನ್ನು ತವರಿಗೆ ಅಟ್ಟುತ್ತಾರೆ. ನನ್ನ ತವರು ಯಳಂದೂರು. ಅಲ್ಲಿ ನನಗೆ ಅಂತ ಕಾದು ಕೂತವರು ಯಾರೂ ಇರಲಿಲ್ಲ.

ಹುಳ ಸತ್ತ ತಟ್ಟೆ ತೋರಿಸಿ, ಸೊಪ್ಪು ಅದಲುಬದಲಾಗಿ ಬಂದಿರಬೇಕು, ರಸ್ತೆಬದಿಯ ಸೊಪ್ಪು ನೋಡಿ ಹೇಗಿದೆ ಅಂತ ಮಾವನ ಕೈಗೆ ಕೊಟ್ಟೆ. ಅವರು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. ಬೆರಳು ಕಪ್ಪಾಯಿತು. ಎಲೆ ಅಡಿಕೆ ಉಗಿದು ಎದ್ದರು. ಹುಳ ಸತ್ತದ್ದು ಮಸಿಯಿಂದಲೋ, ಒದ್ದೆ ಸೊಪ್ಪಿಗೋ, ಬೇರೆ ರೋಗಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನಗೆ ಬೇಕಾಗಿದ್ದುದು ಆ ಕಪ್ಪು ಬೆರಳು.

ಮಗಳಿಗಾಗಿ ಆಗದ್ದು ಹುಳಕ್ಕಾಗಿ ಒಂದು ವಾರದಲ್ಲಿ ಆಯಿತು. ಮಾವ ನಮ್ಮೂರಿನ ಹುಳದವರನ್ನೆಲ್ಲ ಸೇರಿಸಿದರು, ಮಧುವನಹಳ್ಳಿ ಕಡೆಯವರೂ ಬಂದರು, ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಮೋಟಾರು ಇನ್ಸ್‌ಪೆಕ್ಟರು ಬಂದರು. ನಮ್ಮ ಮಾವನ ಬಿಳೀ ಟವೆಲ್ಲು ಒದ್ದೆ ಮಾಡಿಸಿ ಕೊಳವೆ ಮುಂದೆ ಹಿಡಿಸಿದರು. ತೆಗೆದಾಗ ಅದರ ನಡುವೆ ರೊಟ್ಟಿಯಗಲ ಮಸಿ. ಬಸ್ಸಿನ ಎಂಜಿನ್ ರಿಪೇರಿ ಮಾಡಿಸಬೇಕು, ಊರುಗಳ ಮುಂದೆ ನಿಂತಾಗ ಆರಿಸಬೇಕು ಅಂದರು. ಆರಿಸಿದರೆ ಹತ್ತಿಸೋದು ಯಾರು ಅಂತ ಡ್ರೈವರು ಕೇಳಿದ. ಬ್ಯಾಟರಿ ಬರುವವರೆಗೆ ನಾವೇ ತಳ್ಳುತ್ತೇವೆ ಅಂತ ಊರವರು ಒಪ್ಪಿಕೊಂಡರು. ಮನೆಗೆ ಒಂದು ದಿನ ಸರದಿ, ಮುಂದೆ ರಸ್ತೆ ಇಳಿಜಾರಾದ್ದರಿಂದ ಮನೆಯಿಂದ ಇಬ್ಬರು ಸಾಕು. ಒಂದು ದಿನ ತಪ್ಪಿದರೂ ನಾನು ಆರಿಸೋದಿಲ್ಲ ಅಂತ ಡ್ರೈವರು ಕರಾರು ಹಾಕಿದ. ಹೋಗುವಾಗ ಕಂಡಕ್ಟರಿಗೆ ಎಲ್ಲರಿಗೂ ಕೇಳಿಸುವ ಹಾಗೆ ಅಂದ, "ಇನ್ಮೇಲೆ ಬಸ್ಸಿಗೆ ಡೀಸೆಲ್ ಬ್ಯಾಡ ಕಣ್ಲಾ, ಒಂದು ಹೊರೆ ಸೊಪ್ಪು ಆಕ್ಬುಡು."

ಬ್ಯಾಟರಿ ವರ್ಷವಾದರೂ ಬರಲಿಲ್ಲ. ಆದರೂ ಬೆಳಗ್ಗೆ ಅರ್ಧ ಗಂಟೆ ಗಾಳಿ ಸುಮ್ಮನಿರುತ್ತಿತ್ತು. ಮಗಳು ಜಗಲಿ ಮೇಲೆ ಆಡತೊಡಗಿದಳು. ಬಸ್ಸು ಹೊರಡುವ ಹೊತ್ತಿಗೆ ಒಳಗೆ ಕರೆದು ಕದ ಹಾಕಿದರೆ ಸಾಕಿತ್ತು. ನಾನು ಮಾತ್ರ ಅವಳ ಉಸಿರು ಎಣಿಸುವುದನ್ನು ಬಿಟ್ಟಿರಲಿಲ್ಲ. ಸರದಿ ಯಾವ ದಿನ ತಪ್ಪೀತೋ, ಸತ್ತ ತಟ್ಟೆಯ ಸಂಗತಿ ಯಾವ ದಿನ ಗೊತ್ತಾದೀತೋ ಅನ್ನೋ ಎರಡು ಹೆದರಿಕೆ ಇಟ್ಟುಕೊಂಡೇ ಬದುಕುತ್ತಿದ್ದೆ.

ಒಂದು ದಿನ ಸರದಿ ನಮ್ಮದು. ಗಂಡ ರೇಷ್ಮೆಗೂಡು ಮಾರಲು ಹೋಗಿದ್ದರು, ಮಾವನಿಗೆ ಮಂಡಿ ಊದಿತ್ತು. ಡ್ರೈವರು ಆಗಲೇ ಹಾರ್ನ್ ಹೊಡೆಯುತ್ತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. ಅತ್ತೆಯೂ ಸೊಂಟಕ್ಕೆ ಸೆರಗು ಬಿಗಿದುಕೊಂಡು ಹಿಂದೆಯೇ ಬಂದರು. ನಮ್ಮ ಮನೆ ಸರದಿ ತಪ್ಪಿತು ಅನ್ನಿಸಿಕೊಳ್ಳಲು ಅವರು ತಯಾರಿರಲಿಲ್ಲ. ಇಬ್ಬರೂ ಬಸ್ಸಿನ ಬೆನ್ನಿಗೆ ಕೈ ಕೊಟ್ಟೆವು. ಆಗ ನೋಡಿದೆ. ಪಕ್ಕದ ಮನೆ ಮುದುಕಿಯ ನೆಂಟರ ಹುಡುಗಿ, ಕೌದಳ್ಳಿಯವಳು, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕೊಳವೆ ಪಕ್ಕ ನಿಂತಿದ್ದಾಳೆ. ಕೂಸು ಕೂಗಿ ಕೂಗಿ ಕೆಮ್ಮುತ್ತಿದೆ. ಎಂಜಿನ್ ಹತ್ತುವಾಗ ಬರುವ ಮೊದಲ ಹೊಗೆಯೇ ಗಟ್ಟಿ, ಅದನ್ನೇ ಹಿಡಿಸು ಅಂತ ಮುದುಕಿ ಹೇಳಿಕೊಟ್ಟಿದ್ದಳಂತೆ. ಅವಳಾಗಲೇ ಕೂಸಿನ ಗಲ್ಲ ಹಿಡಿದಿದ್ದಳು, ನಾನು ಹಿಡಿದಿದ್ದ ಹಾಗೆಯೇ.

ನಾನು ಕೈ ತೆಗೆದೆ. ದೂರ ಹೋಗು ಅಂದೆ. ಅವಳು ಅಲ್ಲಾಡಲಿಲ್ಲ. ನಾಯಿಕೆಮ್ಮಿಗೆ ಒಳ್ಳೇದಂತೆ ಕಣಕ್ಕ, ಮೂರೇ ದಿನ ಅಂದಳು. ಮುದುಕಿ ಅವಳ ಹಿಂದಿನಿಂದ, ಇವಳಿಗೇನು ಗೊತ್ತು, ನೀನು ಹಿಡಿ ಅಂದಳು. ಡ್ರೈವರು, ತಳ್ತೀರೋ ನಾನೇ ಇಳಿದು ಬರಲೋ ಅಂದ. ಅತ್ತೆ ನನ್ನ ಮುಖ ನೋಡುತ್ತಿದ್ದರು.

"ನಾನೂ ಹಿಡ್ದಿದ್ದೆ ಕಣವ್ವಾ," ಅಂದೆ. "ನನ್ ಮಗ್ಳುನ್ನ. ಮೂರ್ ದಿನ. ಮೂರ್ನೇ ದಿನ ಉಸ್ರು ನಿಂತೋಯ್ತು. ಡಾಕ್ಟರಮ್ಮುನ್ಗೂ ಸುಳ್ ಏಳ್ದೆ. ಒಲೆ ಒಗೆ ಅಲ್ಲ ಅದು, ಇದೇ ಕೊಳ್ವೆ."

ಹುಡುಗಿ ಕೂಸಿನ ಗಲ್ಲ ಬಿಟ್ಟಳು. ಮೆಲ್ಲಗೆ ಹಿಂದೆ ಹಿಂದೆ ನಡೆದು ರಸ್ತೆ ದಾಟಿ ಆ ಕಡೆ ಹೋಗಿ ನಿಂತಳು. ಅತ್ತೆ ಮತ್ತೆ ಬಸ್ಸಿಗೆ ಕೈ ಕೊಟ್ಟರು. ನಾನೂ ಕೊಟ್ಟೆ. ತಳ್ಳಿದೆವು. ಬಸ್ಸು ಹತ್ತಿಕೊಂಡಿತು, ಮೊದಲ ಹೊಗೆಯೆಲ್ಲ ನಮ್ಮಿಬ್ಬರ ಮುಖಕ್ಕೇ ಬಡಿಯಿತು.

ಹಿತ್ತಿಲಲ್ಲಿ ಮುಖ ತೊಳೆದುಕೊಳ್ಳುವಾಗ ಅತ್ತೆ ನೀರಿನ ಚೊಂಬು ಹಿಡಿದುಕೊಂಡೇ ಕೇಳಿದರು.

"ಆ ತಟ್ಟೆ ಉಳಾನೂ ನೀನೇನಾ ಸಾಯ್ಸಿದ್ದು?"

"ಊಂ."

ಹೋಗು ಅಂದರೆ ಎಲ್ಲಿಗೆ ಹೋಗಲಿ ಅಂತ ನಾನು ಎಣಿಸುತ್ತಾ ನಿಂತಿದ್ದೆ. ಒಳಗೆ ಮಗಳು ಕೆಮ್ಮಿದಳು, ಒಂದೇ ಸಲ. ಇಬ್ಬರೂ ಒಟ್ಟಿಗೇ ಆ ಕಡೆ ತಿರುಗಿದೆವು. ಇನ್ನೊಂದು ಕೆಮ್ಮು ಬರಲಿಲ್ಲ. ಅತ್ತೆ ಚೊಂಬು ನನ್ನ ಕೈಗೆ ಕೊಟ್ಟು, ಕೂದಲಲ್ಲೂ ಮಸಿ ಇದೆ, ಪೂರಾ ನೀರು ಹಾಕಿಕೊಂಡೇ ಒಳಗೆ ಬಾ, ಮಗೂನ ಆಮೇಲೆ ಮುಟ್ಟು ಅಂದರು. ಹುಳದ ಕೋಣೆಗೆ ಹೋಗುವವರಿಗೆ ಹೇಳುವ ಹಾಗೆಯೇ ಹೇಳಿದರು. ನಾನು ಹೇಳಿದ್ದನ್ನು ಮಾವನಿಗೆ ಅವರು ಮುಟ್ಟಿಸಿದರೋ ಇಲ್ಲವೋ, ನಾನು ಕೇಳಲಿಲ್ಲ.