ಹಳದಿ ಸ್ಟಿಕ್ಕರ್

ಬ್ಯಾಟರಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಯಾರೂ ಬರಬಾರದು. ಇದು ಜಂಬವಲ್ಲ, ಜಂಬ ಅಂತ ಅನ್ನಿಸಿದರೂ ನನಗೇನೂ ಬೇಜಾರಿಲ್ಲ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇನ್ವರ್ಟರಿಗೂ ಸೋಲಾರ್ ದೀಪಕ್ಕೂ ಬ್ಯಾಟರಿ ಮಾಡುವ ಕಾರ್ಖಾನೆಯೊಂದಿದೆ, ಅದರ ಟೆಸ್ಟಿಂಗ್ ವಿಭಾಗ ನನ್ನದು. ನಾನು ಒಪ್ಪದೆ ಒಂದು ಡಬ್ಬವೂ ಗೇಟು ದಾಟುವುದಿಲ್ಲ. ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ "ಹೆಣ್ಣುಹುಡುಗಿಗೆ ಯಾಕಪ್ಪಾ ಈ ಆಸಿಡ್ಡು, ಸೀಸ" ಎಂದು ಮೂಗು ಮುರಿದ ನೆಂಟರೆಲ್ಲ ಈಗ ಯುಪಿಎಸ್ ಕೊಳ್ಳುವ ಮೊದಲು ನನಗೇ ಫೋನ್ ಮಾಡುತ್ತಾರೆ.

ನಮ್ಮ ಬೆಂಚಿನ ಮೇಲೆ ಮೂರು ಬಣ್ಣದ ಸ್ಟಿಕ್ಕರ್ ಸುರುಳಿಗಳಿರುತ್ತವೆ. ಹಸಿರು ಅಂದರೆ ಪಾಸು, ಕೆಂಪು ಅಂದರೆ ಫೇಲು, ಹಳದಿ ಅಂದರೆ ಟೆಸ್ಟ್ ಇನ್ನೂ ನಡೆಯುತ್ತಿದೆ. ಹಳದಿ ಅಂಟಿಸಿದ ಮಾಲನ್ನು ಒಂಟಿಯಾಗಿ ಬಿಟ್ಟುಹೋಗುವಂತಿಲ್ಲ. ಬ್ಯಾಟರಿ ಕಾಯಬಹುದು, ಉಬ್ಬಬಹುದು, ಏನು ಬೇಕಾದರೂ ಆಗಬಹುದು. ಅಂಟಿಸಿದವರು ಊಟಕ್ಕೆ ಏಳುವುದಾದರೂ ತಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿಯೇ ಏಳಬೇಕು. ಈ ನಿಯಮ ಮಾಡಿದವಳು ನಾನೇ. ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ "ಬಾಣಂತಿಗೂ ಇಷ್ಟು ಕಾವಲು ಇರಲ್ಲ ಕಣೇ" ಎಂದು ನಕ್ಕಿದ್ದರು.

ಅವರು ಮೊಂಬಾಸಾ ರಸ್ತೆಯ ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಊರಿಗೆಲ್ಲ ಮಾತ್ರೆ ಮಾಡಿ ಕಳಿಸುವ ಮನುಷ್ಯ ತಾನು ಮಾತ್ರ ಕಾಲೇಜಿನ ಕಾಲದಿಂದ ಸಿಗರೇಟು ಸೇದುತ್ತಾ ಬಂದವರು. ನಾನು ಗಿಣಿಗೆ ಹೇಳಿದ ಹಾಗೆ ಹೇಳಿದೆ, ಜಗಳವಾಡಿದೆ, ಮಾತು ಬಿಟ್ಟೆ. ಯಾವುದೂ ನಾಟಲಿಲ್ಲ. ಕಳೆದ ವರ್ಷ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು ಮೆತ್ತಗಿನ ದನಿಯಲ್ಲಿ, ಸಿಗರೇಟು ಬಿಡದೆ ಇದ್ದರೆ ಮುಂದಿನ ಸಲ ನಾನು ಏನೂ ಮಾಡಲಾರೆ ಎಂದರು. ಭಯವಾದರೆ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. ಆಸ್ಪತ್ರೆಯಿಂದ ಸೌತ್ ಸಿ ಬಡಾವಣೆಯ ನಮ್ಮ ಮನೆಯವರೆಗೂ ಬೈದುಕೊಂಡೇ ಬಂದೆ.

ಅವರು ಬಿಡಲು ನೋಡಿದರು, ಅದು ಸುಳ್ಳಲ್ಲ. ಬಬಲ್‌ಗಮ್ ಜಗಿದರು, ಏಲಕ್ಕಿ ಜಗಿದರು. ಆಮೇಲೆ ಒಂದು ಶನಿವಾರ ಗಿಗಿರಿ ಕಡೆಯ ಶಾಪಿಂಗ್ ಮಾಲಿನಿಂದ ಒಂದು ಪುಟ್ಟ ಪೆಟ್ಟಿಗೆ ತಂದು ಟೇಬಲ್ಲಿನ ಮೇಲಿಟ್ಟರು. ಒಳಗೆ ಲಿಪ್‌ಸ್ಟಿಕ್ಕಿಗಿಂತ ಸ್ವಲ್ಪ ದಪ್ಪದ ಒಂದು ವೇಪ್, ಅಂದರೆ ಬ್ಯಾಟರಿಯ ಸಿಗರೇಟು. ಗುಂಡಿ ಇಲ್ಲ, ತಿರುಪು ಇಲ್ಲ. ಬ್ಯಾಟರಿ ಒಳಗೇ ಕೂತಿದೆ, ಬಾಯಿಗಿಟ್ಟು ಎಳೆದರೆ ತಾನೇ ಚಾಲೂ ಆಗುತ್ತದೆ. ಲಿಕ್ವಿಡ್ ತುಂಬುವ ಚಿಕ್ಕ ಡಬ್ಬಿಗೆ ಪಾಡ್ ಅನ್ನುತ್ತಾರಂತೆ.

"ನಮ್ಮ ಪಾಡೇ ಸಾಲದಾ, ಇನ್ನೊಂದು ಪಾಡು ಬೇರೆ ತಂದ್ರಾ?" ಎಂದೆ.

"ಹೊಸಬರಿಗೇ ಅಂತ ಮಾಡಿರೋದು. ತುಂಬಾ ಈಸಿ ಅಂದ ಅಂಗಡಿಯವನು."

"ಅಂಗಡಿಯವನು ಇನ್ನೇನು ಹೇಳ್ತಾನೆ ರೀ? ಡಾಕ್ಟರ್ ಏನಂದ್ರು ಅದನ್ನ ಹೇಳಿ."

ಡಾಕ್ಟರನ್ನು ಇಬ್ಬರೂ ಹೋಗಿ ಕೇಳಿದೆವು. ಇದೂ ಒಳ್ಳೆಯದೇನಲ್ಲ, ಔಷಧಿ ಅಂತ ತಿಳಿಯಬೇಡಿ, ಸಿಗರೇಟು ಪೂರ್ತಿ ನಿಲ್ಲಿಸಿ, ಆಮೇಲೆ ಇದರ ನಿಕೋಟಿನ್ ಡೋಸನ್ನೂ ಇಳಿಸುತ್ತಾ ಹೋಗಿ ಇದನ್ನೂ ಬಿಡುವುದಾದರೆ ನೋಡಿ ಎಂದರು. ನನಗೆ ಅಷ್ಟು ಸಾಕಾಗಿತ್ತು. ಇಳಿಸುವುದು, ಅಳೆಯುವುದು ಅಂದರೆ ನನ್ನ ಕೆಲಸ. "ಇದನ್ನ ನಾನು ಟೆಸ್ಟ್ ಮಾಡದೆ ನೀವು ಬಾಯಿಗೆ ಇಡೋ ಹಾಗಿಲ್ಲ" ಎಂದು ಪೆಟ್ಟಿಗೆ ಎತ್ತಿ ಬ್ಯಾಗಿಗೆ ಹಾಕಿಕೊಂಡೆ.

ನಮ್ಮ ಕಾರ್ಖಾನೆಯ ಮಾಲೀಕರು ಊರಲ್ಲಿಲ್ಲದ ದಿನ ನೋಡಿ ಅದನ್ನು ಬೆಂಚಿಗೆ ಏರಿಸಿದೆ. ಮೊದಲು ಹಳದಿ ಅಂಟಿಸಿದೆ. ಚಾರ್ಜಿಗೆ ಹಾಕಿ ಮೈ ಎಷ್ಟು ಬಿಸಿಯಾಗುತ್ತದೆ ನೋಡಿದೆ. ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗೆ, ಅಷ್ಟೇ. ತುಂಬಿದ ಮೇಲೆ ತಾನೇ ಕರೆಂಟು ನಿಲ್ಲಿಸಿತು, ಅದಕ್ಕೆ ಒಂದು ಶಭಾಷ್. ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟೆ, ತಲೆಕೆಳಗೆ ಮಾಡಿ ಕುಲುಕಿದೆ. ಒಂದು ಹನಿ ಸೋರಲಿಲ್ಲ.

ಇನ್ನು ಸೇದುವ ಟೆಸ್ಟ್. ಸೇದುವವರು ಯಾರು? ನಾನಂತೂ ಅಲ್ಲ. ಬ್ಯಾಟರಿಯ ಆಸಿಡ್ ಪರೀಕ್ಷಿಸುವ ಹೈಡ್ರೋಮೀಟರಿಗೆ ತಲೆಯಲ್ಲಿ ಒಂದು ರಬ್ಬರ್ ಬುರುಡೆ ಇರುತ್ತದೆ, ಒತ್ತಿ ಬಿಟ್ಟರೆ ಆಸಿಡ್ಡನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊಸದೊಂದು ಬುರುಡೆ ಬಿಚ್ಚಿ ವೇಪಿನ ಬಾಯಿಗೆ ಸಿಕ್ಕಿಸಿದೆ. ಒತ್ತಿದೆ, ನಿಧಾನವಾಗಿ ಬಿಟ್ಟೆ. ದೀಪ ಹತ್ತಿತು. ಬುರುಡೆ ತೆಗೆದು ಹಿಸುಕಿದರೆ ಮಾವಿನಹಣ್ಣಿನ ವಾಸನೆಯ ಬಿಳಿ ಹಬೆ ನನ್ನ ಮುಖದ ಸುತ್ತ ಎದ್ದಿತು.

ಪಕ್ಕದ ಬೆಂಚಿನ ಟೆಕ್ನಿಷಿಯನ್ ಹುಡುಗಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು. "ಮಾಮಾ, ಉನಾವುಟಾ?" ಎಂದು ಕೇಳಿದಳು. ಅಮ್ಮಾ, ನೀವು ಸೇದುತ್ತೀರಾ ಅಂತ. ಸ್ವಾಹಿಲಿಯಲ್ಲಿ ಎಳೆಯುವುದಕ್ಕೂ ಸೇದುವುದಕ್ಕೂ ಒಂದೇ ಮಾತು. ನಮ್ಮಲ್ಲೂ ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ ಎಂದು ಅವಳಿಗೆ ಹೇಳಿದೆ. ಅವಳಿಗೆ ಅದು ಬಹಳ ಇಷ್ಟವಾಯಿತು, ಸಂಜೆಯವರೆಗೂ ನನ್ನನ್ನು ನೋಡಿದಾಗಲೆಲ್ಲ ಗಾಳಿಯಲ್ಲಿ ಹಗ್ಗ ಎಳೆದು ತೋರಿಸಿದಳು.

ಪೆಟ್ಟಿಗೆಯ ಮೇಲೆ ಹೇಳಿದ್ದ ಹಾಗೆ ಒಂದು ಚಾರ್ಜು ಇಡೀ ದಿನದ ಸೇದುವಿಕೆಗೆ ಬಂತು, ಆಮೇಲೆ ದೀಪ ಕೆಂಪಗೆ ಮಿನುಗಿತು. ಅಷ್ಟು ಸಣ್ಣ ಗಾತ್ರಕ್ಕೆ ಅದು ಒಳ್ಳೆಯ ಬ್ಯಾಟರಿಯೇ. ಹಳದಿ ಕಿತ್ತು ಹಸಿರು ಅಂಟಿಸಿ ಗಂಡನ ಕೈಗೆ ಕೊಟ್ಟೆ. "ಪಾಸು. ಇನ್ನು ನಿಮ್ಮ ಕೆಲಸ" ಎಂದೆ.

ಮೊದಮೊದಲು ರಾತ್ರಿ ಊಟದ ಹೊತ್ತಿಗೆ ದೀಪ ಕೆಂಪಾಗುತ್ತಿತ್ತು. ಕೆಲವು ವಾರ ಕಳೆದ ಮೇಲೆ ಚಾರ್ಜು ಎರಡು ದಿನ ಬರತೊಡಗಿತು, ಆಮೇಲೆ ಇನ್ನೂ ಹೆಚ್ಚು. ಯಾವಾಗ ನೋಡಿದರೂ ದೀಪ ಹಸಿರು. ಚಾರ್ಜು ಉಳಿದರೆ ಖರ್ಚು ಕಡಿಮೆ, ಖರ್ಚು ಕಡಿಮೆಯಾದರೆ ಚಟ ಕಡಿಮೆ. ಇದರಲ್ಲಿ ತಪ್ಪು ಹುಡುಕಲು ನನಗೆ ತೋಚಲೇ ಇಲ್ಲ. ಕನ್ನಡದವರ ಊಟದ ಕೂಟವೊಂದರಲ್ಲಿ, ಹೋಳಿಗೆಯ ಪಂಕ್ತಿಯಲ್ಲಿ ನಿಂತು, ಗಂಡನ ಸಿಗರೇಟು ಹೇಗೆ ಬಿಡಿಸಬೇಕು ಎಂದು ನಾಲ್ಕು ಹೆಂಗಸರಿಗೆ ಪಾಠ ಮಾಡಿದೆ. ನನ್ನವರು ಪಕ್ಕದಲ್ಲೇ ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತಿದ್ದರು. ಸಂಕೋಚ ಅಂದುಕೊಂಡೆ.

ಅವರ ಕಾರು ಗ್ಯಾರೇಜಿಗೆ ಹೋಗಿದ್ದ ಒಂದು ಸಂಜೆ ನಾನೇ ಕರೆದುಕೊಂಡು ಬರಲು ಅವರ ಕಾರ್ಖಾನೆಗೆ ಹೋದೆ. ಹೇಳಿದ್ದಕ್ಕಿಂತ ಸ್ವಲ್ಪ ಬೇಗ ತಲುಪಿದೆ. ಕಾವಲಿನ ಅಸ್ಕಾರಿ ನನ್ನ ಗುರುತು ಹಿಡಿದು ಗೇಟು ಎತ್ತಿದ. ಗೇಟಿನ ಪಕ್ಕ ಸಿಗರೇಟು ಸೇದುವವರಿಗೆಂದೇ ಒಂದು ತಗಡಿನ ಶೆಡ್ಡು. ಅದರಲ್ಲಿ ನನ್ನ ಗಂಡ, ಬೆರಳ ನಡುವೆ ಸಿಗರೇಟು, ಕಣ್ಣು ಮುಚ್ಚಿಕೊಂಡು ಹೊಗೆ ಬಿಡುತ್ತಿದ್ದರು. ಅಂಗಿಯ ಜೇಬಿನಿಂದ ವೇಪಿನ ತಲೆ ಇಣುಕುತ್ತಿತ್ತು, ನಾನು ಅಂಟಿಸಿದ ಹಸಿರು ಸ್ಟಿಕ್ಕರ್ ಸಮೇತ.

ಆ ಕ್ಷಣ ನನಗೆ ಅರ್ಥವಾಯಿತು. ಬ್ಯಾಟರಿ ಖರ್ಚಾಗದೆ ಇದ್ದದ್ದು ಅವರು ಅದನ್ನು ಮುಟ್ಟದೆ ಇದ್ದದ್ದಕ್ಕೆ. ಇಷ್ಟು ವರ್ಷ ಮೀಟರು ನೋಡಿದವಳು, ತುಂಬಿದ ಬ್ಯಾಟರಿ ಅಂದರೆ ಕೆಲಸ ಮಾಡದ ಬ್ಯಾಟರಿಯೂ ಆಗಿರಬಹುದು ಎಂಬ ಅಆಇಈ ಮರೆತಿದ್ದೆ.

ಮೊಂಬಾಸಾ ರಸ್ತೆಯಲ್ಲಿ ಆ ಹೊತ್ತಿಗೆ ಸಿಕ್ಕಿಕೊಂಡರೆ ಮುಗಿಯಿತು. ಮುಂದೆ ಜನ ತುಂಬಿದ ಒಂದು ಮಟಾಟು ವ್ಯಾನು, ಹಿಂದೆ ಒಂದು ಲಾರಿ, ಮಧ್ಯೆ ನಾವಿಬ್ಬರು.

"ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲಾ" ಎಂದೆ. ಇನ್ನೂ ಬಹಳ ಅಂದೆ. ಆ ಸ್ಟೆಂಟು, ಆ ಡಾಕ್ಟರು, ನಮ್ಮ ಮಗಳು, ಯಾವುದನ್ನೂ ಬಿಡಲಿಲ್ಲ. ಮಟಾಟು ಒಂದಿಷ್ಟೂ ಅಲ್ಲಾಡಲಿಲ್ಲ.

ಅವರು ಎಲ್ಲ ಕೇಳಿಸಿಕೊಂಡು, ಕಿಟಕಿಯಾಚೆ ನೋಡುತ್ತಾ ಹೇಳಿದರು: "ಅದನ್ನ ಎಳೆದ್ರೆ ಬಾಯಿಗೆ ಕಹಿ ನೀರು ಬರುತ್ತೆ ಕಣೇ. ಕೆಮ್ಮು ಬರುತ್ತೆ. ಮೊದಲನೇ ದಿನದಿಂದಲೂ ಹಾಗೇ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಪಾಸು ಅಂತ ಅಂಟಿಸಿಬಿಟ್ಟಿದ್ದೆ. ಪಾಸಾದ ಮೇಲೆ ನಿನ್ನ ಹತ್ತಿರ ಯಾರಾದ್ರೂ ಕಂಪ್ಲೇಂಟ್ ಹೇಳಕ್ಕಾಗುತ್ತಾ?" ಕಿಟಕಿಯಿಂದ ನನ್ನ ಕಡೆ ತಿರುಗಿ ಅಂದರು: "ಬ್ಯಾಟರಿ ಹೇಗಿದೆ ಅಂತ ನೀನು ದಿನಾ ನೋಡ್ತಿದ್ದೆ. ನಾನು ಹೇಗಿದೀನಿ ಅಂತ ಒಂದು ದಿನ ಕೇಳಿದ್ಯಾ?"

ಮಟಾಟು ಮುಂದಕ್ಕೆ ಹೋದರೂ ನಾನು ಗೇರು ಹಾಕಲಿಲ್ಲ, ಹಿಂದಿನ ಲಾರಿಯವನು ಹಾರ್ನು ಹೊಡೆದು ಎಚ್ಚರಿಸಬೇಕಾಯಿತು.

ಮನೆಗೆ ಬಂದು ಕಾಫಿ ಮಾಡಿಕೊಂಡು ಬಾಲ್ಕನಿಯಲ್ಲಿ ಕೂತೆವು. "ಈಗ ನನ್ನ ಮುಂದೆ ಸೇದಿ ತೋರಿಸಿ" ಎಂದೆ. ಅವರು ವೇಪನ್ನು ತುಟಿಗಿಟ್ಟು ಸಿಗರೇಟಿನ ಹಾಗೆ ಒಂದೇ ಸಲಕ್ಕೆ ಜಗ್ಗಿ ಎಳೆದರು. ಗುಳಗುಳ ಸದ್ದಾಯಿತು. ಮುಖ ಕಿವುಚಿ ಕೆಮ್ಮಿದರು. ನನ್ನ ರಬ್ಬರ್ ಬುರುಡೆ ಹೀಗೆ ಎಳೆದಿರಲಿಲ್ಲ. ಅದಕ್ಕೆ ಇಪ್ಪತ್ತೈದು ವರ್ಷದ ಚಟವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಮೆತ್ತಗೆ ಉಬ್ಬುವುದಷ್ಟೇ ಅದಕ್ಕೆ ಗೊತ್ತಿತ್ತು.

ನಾನು ಬೆಳೆದ ವಠಾರದಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ ಇತ್ತು. ಹಗ್ಗವನ್ನು ಜಗ್ಗಿ ಜಗ್ಗಿ ಎಳೆದರೆ ಕೊಡ ಗೋಡೆಗೆ ಬಡಿದು ಅರ್ಧ ನೀರು ಬಾವಿಗೇ ಹೋಗುತ್ತಿತ್ತು, ಅರ್ಧ ನಮ್ಮ ಲಂಗಕ್ಕೆ. "ಸಿಗರೇಟು ಸೇದೋ ಹಾಗೆ ಸೇದಬೇಡಿ. ನೀರು ಸೇದೋ ಹಾಗೆ ಸೇದಿ" ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಎದ್ದುನಿಂತು, ಒಂದು ಕೈಯ ಮುಂದೆ ಇನ್ನೊಂದು ಕೈ ಇಡುತ್ತಾ, ಇಲ್ಲದ ಹಗ್ಗವನ್ನು ನಿಧಾನವಾಗಿ ಎಳೆದು ತೋರಿಸಿದೆ. ಅವರು ನನ್ನ ಕೈ ನೋಡುತ್ತಾ ಎಳೆದರು. ಕೆಮ್ಮು ಬರಲಿಲ್ಲ. ಅಷ್ಟರಲ್ಲಿ ಮಗಳು ಬಂದು, ಹಗ್ಗ ಎಳೆಯುವ ಅಮ್ಮನನ್ನೂ ಹಬೆ ಬಿಡುವ ಅಪ್ಪನನ್ನೂ ನೋಡಿ, "ಯೂ ಟೂ ಆರ್ ಸೋ ವಿಯರ್ಡ್" ಎಂದು ಬಾಗಿಲು ಹಾಕಿಕೊಂಡು ಹೋದಳು.

ಅವತ್ತಿನಿಂದ ಸಂಜೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸವಾಯಿತು. ಇವತ್ತು ಎಷ್ಟು ಕಷ್ಟವಾಯಿತು, ಯಾವಾಗ ಬೇಕನ್ನಿಸಿತು, ಶೆಡ್ಡಿನ ಕಡೆ ಕಾಲು ಹೋಯಿತಾ ಎಂದು ಕೇಳುತ್ತಿದ್ದೆ. ಹೋಯಿತು ಎಂದರೂ ಬೈಯದೆ ಕೇಳಿಸಿಕೊಳ್ಳುವುದನ್ನು ಕಲಿತೆ. ನನಗೆ ಅದು ಅವರ ಸಿಗರೇಟಿಗಿಂತ ಕಷ್ಟದ ಚಟ ಬಿಟ್ಟ ಹಾಗೆ. ದೀಪ ಕೆಂಪಗೆ ಮಿನುಗಿದರೆ ಸಮಾಧಾನವಾಗುತ್ತಿತ್ತು. ಖಾಲಿ ಬ್ಯಾಟರಿ ನೋಡಿ ಖುಷಿಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಲಿಕ್ವಿಡ್ಡಿನ ಬಾಟಲಿ ಬದಲಾದಾಗಲೆಲ್ಲ ಡೋಸು ಒಂದು ಮೆಟ್ಟಿಲು ಇಳಿಯಿತು. ಶೆಡ್ಡಿನ ಮಾತು ಬರುವುದು ಅಪರೂಪವಾಯಿತು, ಆಮೇಲೆ ನಿಂತೇ ಹೋಯಿತು.

ಈ ಜುಲೈಯಲ್ಲಿ ಮತ್ತೆ ದೀಪ ಹಸಿರಾಗಿಯೇ ಉಳಿಯಿತು. ಇವತ್ತೂ ಹಸಿರು, ನಾಳೆಯೂ ಹಸಿರು. ಈ ಹಸಿರಿಗೆ ಎರಡು ಅರ್ಥವಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೀಟರಿನ ಹತ್ತಿರ ಹೋಗಲಿಲ್ಲ. ಬೆಳಗ್ಗೆ ಅವರು ಶೂ ಹಾಕಿಕೊಳ್ಳುತ್ತಿದ್ದಾಗ ಎದುರು ಹೋಗಿ ಕೂತೆ.

"ಏನ್ರೀ, ಸೇದ್ತಿಲ್ವಾ?"

"ಯಾವುದನ್ನ?"

"ಯಾವುದನ್ನಾದ್ರೂ."

ಅವರು ಲೇಸು ಕಟ್ಟುವುದನ್ನು ನಿಲ್ಲಿಸಿ ಯೋಚಿಸಿದರು. "ಮೊನ್ನೆ ಬೇಕು ಅನ್ನಿಸ್ತು, ತಡ್ಕೊಂಡೆ. ನಿನ್ನೆ ನೆನಪೇ ಆಗಲಿಲ್ಲ. ಇವತ್ತು ಹೇಗೋ ಗೊತ್ತಿಲ್ಲ."

ಸುಳ್ಳು ಹೇಳುವವರು ಆ ಕೊನೆಯ ಮಾತು ಹೇಳುವುದಿಲ್ಲ. ನಂಬಿದೆ. ನಂಬಿದ ಮೇಲೂ ಅಂಗಿಯ ಹತ್ತಿರ ಬಗ್ಗಿ ಒಮ್ಮೆ ಮೂಸಿದೆ. ಹುಟ್ಟುಗುಣ, ಏನು ಮಾಡುವುದು. ಸಾಬೂನಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

"ಪಾಸಾದ್ನಾ? ಹಾಗಾದ್ರೆ ಅಂಟಿಸು ನಿನ್ನ ಹಸಿರು" ಎಂದು ಎದೆ ಮುಂದೆ ಮಾಡಿದರು.

ಬ್ಯಾಗಿನಿಂದ ಸುರುಳಿ ತೆಗೆದು, ಇಷ್ಟು ವರ್ಷ ಸಿಗರೇಟು ಪ್ಯಾಕು ಕೂತಿದ್ದ ಜೇಬಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಬೆರಳಿನಿಂದ ಒತ್ತಿದೆ. ಅವರು ಬಗ್ಗಿ ನೋಡಿಕೊಂಡರು.

"ಇದು ಹಳದಿ."

"ಹೂಂ."

"ಊಟಕ್ಕೆ ಎದ್ದರೆ ಇನ್ನೊಬ್ಬರನ್ನ ಕೂರಿಸಿ ಹೋಗ್ತೀಯಾ?"

"ಈ ಬೆಂಚಿಗೆ ಇನ್ನೊಬ್ಬರಿಲ್ಲ. ನಾನೇ ಕೂತಿರ್ತೀನಿ."

ಹೊರಗೆ ನೈರೋಬಿಯ ಜುಲೈ ಚಳಿ, ಮೋಡ. ಕುರ್ಚಿಯ ಮೇಲೆ ತೆಗೆದಿಟ್ಟಿದ್ದ ಸ್ವೆಟರನ್ನು ಹಾಕಿಕೊಳ್ಳಲು ಕೈಗೆತ್ತಿಕೊಂಡವರು, ಜೇಬು ಮುಚ್ಚಿಹೋಗುತ್ತದೆ ಎಂದು ಅದನ್ನು ಅಲ್ಲೇ ಬಿಟ್ಟು, ಬರಿಯ ಅಂಗಿಯಲ್ಲೇ ಕಾರಿನ ಕಡೆ ನಡೆದರು.