ಮೂರು ರೌಂಡಿನ ಶಶಾಂಕ

ಶಶಾಂಕನನ್ನು ಚೆಲುವಮ್ಮ ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಪಾಂಡವಪುರ ಬಸ್ ಸ್ಟ್ಯಾಂಡಿನ ಹಿಂದಿರುವ ತನ್ನ ಮುದ್ದೆ ಹೋಟೆಲಿನ ಬಾಗಿಲಲ್ಲಿ. ಅವಳು ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಎದುರಿಗೆ ಒಬ್ಬ ಹುಡುಗ ಬಂದು ನಿಂತ. ಎತ್ತರದ ಆಳು, ಮೂಗು ಸ್ವಲ್ಪ ಎಡಕ್ಕೆ ವಾಲಿದೆ, ಕತ್ತಿನಿಂದ ಎರಡು ಕೆಂಪು ಗಂಟುಗಳು ಎದೆಯ ಮೇಲೆ ಜೋತಾಡುತ್ತಿವೆ.

“ದಿಂಬು ಗಿಂಬು ಏನೂ ಬ್ಯಾಡ ಕಣಪ್ಪ, ಮುಂದ್ಲ ಮನೆ ನೋಡು,” ಎಂದಳು ಚೆಲುವಮ್ಮ.

“ದಿಂಬಲ್ಲ ಅಜ್ಜಿ, ಗ್ಲೌಸು. ನಾನು ಬಾಕ್ಸರು.”

“ಅಂಗಂದ್ರೆ?”

“ಒಡೆದಾಡ್ತೀನಿ. ಇಂದ್ಗಡೆ ರೂಮು ಖಾಲಿ ಅದೆ ಅಂದ್ರು, ಬಾಡಿಗೆಗೆ ಕೊಡ್ತೀರಾ?”

“ಒಡೆದಾಡಕ್ಕೆ ರೂಮು ಬೇರೆ ಬೇಕಾ? ನಮ್ಮ ಕಡೆ ಬೀದೀಲೆ ಆಯ್ತದೆ.”

ಹುಡುಗ ನಗಲಿಲ್ಲ. ಬಾಕ್ಸಿಂಗ್ ವಿಷಯದಲ್ಲಿ ಅವನು ನಗುವವನೇ ಅಲ್ಲ ಎಂಬುದು ಚೆಲುವಮ್ಮನಿಗೆ ಆಮೇಲೆ ತಿಳಿಯಿತು. ಬೂಕನಕೆರೆಯ ಕಮ್ಮಾರ ಚಂದ್ರಶೇಖರಾಚಾರಿಯ ಮಗ ಎಂದು ಗೊತ್ತಾದ ಮೇಲೆ ಬೇರೆ ವಿಚಾರಣೆ ಬೇಕಾಗಲಿಲ್ಲ. ಅವಳ ಗಂಡ ಬದುಕಿದ್ದಾಗ ಆ ಕುಲುಮೆಯ ಮಚ್ಚುಗಳಿಗೆಲ್ಲ ಹಿಡಿ ಕೆತ್ತಿ ಕೊಡುತ್ತಿದ್ದವನು. ರೂಮಿನ ಬೀಗದ ಕೈ ಆವತ್ತೇ ಶಶಾಂಕನಿಗೆ ಸಿಕ್ಕಿತು.

ಊರಾಚೆಯ ಮುಚ್ಚಿದ ರೈಸ್ ಮಿಲ್ಲಿನಲ್ಲಿ ಮಹದೇವಸ್ವಾಮಿ ಎಂಬ ಮಾಜಿ ಸೈನಿಕ ಬಾಕ್ಸಿಂಗ್ ಕಲಿಸುತ್ತಿದ್ದ. ಶಶಾಂಕ ಬಂದದ್ದು ಅವನ ಹತ್ತಿರ. ಬೆಳಿಗ್ಗೆ ತೊಣ್ಣೂರು ಕೆರೆ ಏರಿಯ ಮೇಲೆ ಓಟ, ಸಂಜೆ ಮಿಲ್ಲಿನಲ್ಲಿ ಗುದ್ದಾಟ, ನಡುವೆ ಚೆಲುವಮ್ಮನ ಹೋಟೆಲಿನಲ್ಲಿ ತನ್ನ ಮುಖ ನೋಡಿಕೊಳ್ಳುವುದು. ಕನ್ನಡಿಯೇ ಬೇಕೆಂದಿಲ್ಲ, ಸಾರಿನ ಪಾತ್ರೆಯ ಮುಚ್ಚಳವೂ ಸಾಕು. ಮುಚ್ಚಳದೊಳಗೆ ಕಾಣುವ ಶಶಾಂಕನಿಗೆ ಮುಷ್ಟಿ ತೋರಿಸಿ, ಅವನು ತಿರುಗಿ ತೋರಿಸಿದರೆ ತಲೆ ತಗ್ಗಿಸುತ್ತಿದ್ದ. ಹೋಟೆಲಿನ ಬಾಗಿಲು ಗಿಡ್ಡ, ಬರುವವರೆಲ್ಲ ಬಗ್ಗಿಯೇ ಬರಬೇಕು. ಇವನೊಬ್ಬ ಮಾತ್ರ ಬಗ್ಗುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಆಡಿಸಿ, ಚೌಕಟ್ಟಿನ ಏಟು ತಪ್ಪಿಸಿಕೊಂಡು ಒಳಗೆ ಬರುತ್ತಿದ್ದ.

ಪದಕಗಳಂತೂ ರಾಶಿ ಇದ್ದವು. ರಾಜ್ಯದ್ದು, ವಿಶ್ವವಿದ್ಯಾಲಯಗಳದ್ದು, ರಾಷ್ಟ್ರಮಟ್ಟದ್ದು. ರೂಮಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ನೇತು ಹಾಕಿದ್ದ. ಬಸ್ಸು ಹೋದಾಗಲೆಲ್ಲ ಅವು ಗೋಡೆಗೆ ತಾಕಿ ಕಿಣಿಕಿಣಿ ಎನ್ನುತ್ತಿದ್ದವು.

“ನಿಮ್ಮಪ್ಪ ಮಾಡೋ ಮಚ್ಚಲ್ಲಿ ಕಬ್ಬಾದ್ರೂ ಕಡೀಬೋದು,” ಎನ್ನುತ್ತಿದ್ದಳು ಚೆಲುವಮ್ಮ. “ಇದ್ರಲ್ಲಿ ಏನ್ಲಾ ಕಡೀತೀಯ?”

“ಇದು ಗೌರವ ಅಜ್ಜಿ.”

“ಅಂಗಾದ್ರೆ ಗೌರವಕ್ಕೆ ದೂಳು ಕೂತದೆ, ವಸಿ ಒರೆಸು.”

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ಶ್ರೀರಂಗಪಟ್ಟಣದ ಒಂದು ದೊಡ್ಡ ಕಲ್ಯಾಣ ಮಂಟಪದಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ನಡೆಸಲು ಯಾರೋ ಹೊರಟಿದ್ದರು. ಬರುವವನು ಕಿಶನ್ ಎಂಬ ಉತ್ತರದ ಕಡೆಯವನು. ಬಾಕ್ಸಿಂಗನ್ನೇ ಕಸುಬು ಮಾಡಿಕೊಂಡ ಮೇಲೆ ಯಾರಿಗೂ ಸೋತವನಲ್ಲ, ದೇಶದಲ್ಲೇ ಮೊದಲ ಸಾಲಿನವನು. ಅವನ ಎದುರು ನಿಲ್ಲಿಸಲು ಈ ಕಡೆಯ ಮುಖವೊಂದು ಬೇಕಿತ್ತು. ಇಲ್ಲದಿದ್ದರೆ ಕುರ್ಚಿ ತುಂಬುವುದು ಹೇಗೆ? ಪದಕ ಎಣಿಸಿದವರು ಶಶಾಂಕನನ್ನು ಕೇಳಿದರು. ಅವರು ಮಾತು ಮುಗಿಸುವ ಮೊದಲೇ ಶಶಾಂಕ ಹೂಂ ಅಂದಿದ್ದ.

ಮಹದೇವಸ್ವಾಮಿ ಮಧ್ಯಾಹ್ನದ ಊಟಕ್ಕೆ ಬಂದವನು ಮುದ್ದೆ ಮುರಿಯದೆ ಕೂತ. “ನೀನು ರೆಡಿ ಇಲ್ಲ ಕಣ್ಲಾ.”

“ಇಷ್ಟು ಚಿನ್ನ ಗೆದ್ದಿವ್ನಿ ಸಾರ್.”

“ಗೆದ್ದಿರಾದೆಲ್ಲ ಮೂರು ರೌಂಡಿಂದು. ಕದ ತಟ್ಟಿ ಓಡೋಗೋ ಐಕ್ಳಾಟ ಅದು. ತಟ್ಟಿದ್ರೆ ಪಾಯಿಂಟು, ಓಡೋದ್ರೆ ಪದಕ. ಇಲ್ಲಿ ಎಂಟು ರೌಂಡು. ಅವನು ಕದ ಮುರ್ಕಂಡು ಒಳಕ್ಕೇ ಬರೋನು. ಚಿನ್ನ ಆದ್ರೆ ಅಡ ಇಕ್ಕಬೋದು, ದವಡೆ ಅಡ ಇಕ್ಕಕ್ಕಾಯ್ತದಾ?”

“ಆ ಚಿನ್ನಾನೂ ಅಡ ಇಕ್ಕಕ್ಕಾಗಕಿಲ್ಲ ಮೇಷ್ಟ್ರೆ,” ಎಂದು ಒಲೆಯ ಹತ್ತಿರದಿಂದ ಚೆಲುವಮ್ಮ ಹೇಳಿದಳು. “ನಮ್ಮ ಅಕ್ಕಸಾಲಿಗ ಉಜ್ಜಿ ನೋಡ್ದ. ಬರೀ ಪಾಲೀಸು.”

ಊಟಕ್ಕೆ ಕೂತಿದ್ದ ಟೆಂಪೋ ಡ್ರೈವರುಗಳೆಲ್ಲ ನಕ್ಕರು. ಶಶಾಂಕನ ಮುಖ ಗ್ಲೌಸಿನ ಬಣ್ಣಕ್ಕೆ ತಿರುಗಿತು. ಮಹದೇವಸ್ವಾಮಿ ಕೊನೆಗೆ ಒಂದು ಮಾತು ಹೇಳಿದ: “ಗೆಲ್ಲು ಅನ್ನಕಿಲ್ಲ. ಎಂಟನೇ ರೌಂಡಿನ ಗಂಟೆ ಒಡೆದಾಗ ನಿನ್ ಕಾಲ್ ಮೇಲೆ ನಿಂತಿರು. ನಿಂತಿದ್ರೆ ಮೈಸೂರು ಕ್ಯಾಂಪಿಗೆ ಕಳಿಸಿ ನಿನ್ನ ಪ್ರೊಫೆಷನಲ್ ಮಾಡ್ತೀನಿ. ಬಿದ್ರೆ ಬೂಕನಕೆರೆಗೋಗಿ ನಿಮ್ಮಪ್ಪನ ಕುಲುಮೇಲಿ ತಿದಿ ಒತ್ತು.”

ಅಂದಿನಿಂದ ಮಿಲ್ಲಿನಲ್ಲಿ ಎಂಟು ರೌಂಡಿನ ಅಭ್ಯಾಸ. ಊಟ ಕೊಡಲು ಹೋದ ಚೆಲುವಮ್ಮ ಒಂದನ್ನು ಗಮನಿಸಿದಳು. ಮೂರನೇ ರೌಂಡು ಮುಗಿದ ಗಂಟೆ ಬಾರಿಸಿದ ಕೂಡಲೇ ಹುಡುಗನ ಹಲ್ಲು ತಾನಾಗಿಯೇ ಗ್ಲೌಸಿನ ಪಟ್ಟಿ ಬಿಚ್ಚಲು ಹೋಗುತ್ತಿತ್ತು. ಮಹದೇವಸ್ವಾಮಿ ಬೈಯುತ್ತಿದ್ದ, ಹುಡುಗ ಪಟ್ಟಿ ಬಿಟ್ಟು ಮತ್ತೆ ಗುದ್ದುತ್ತಿದ್ದ. ಸಂಜೆ ನಾಲ್ಕು ಗಂಟೆಗೆ ಹಟ್ಟಿಯ ಕಡೆ ತಿರುಗುವ ಹಸುವಿನ ಹಾಗೆ ಎಂದುಕೊಂಡು ಅವಳು ನಕ್ಕು ಸುಮ್ಮನಾದಳು.

ಪಂದ್ಯದ ದಿನ ಬೂಕನಕೆರೆಯಿಂದ ಎರಡು ಟೆಂಪೋ ಜನ ಬಂದರು. ನಾಗಮಂಗಲದಿಂದ ಶಶಾಂಕನ ಸೋದರಮಾವ ದೇವಯ್ಯ ಆಳೆತ್ತರದ ಸುಗಂಧರಾಜದ ಹಾರ ಹೊತ್ತು ತಂದ. ಸೋತರೆ ಹಾರವನ್ನು ಏನು ಮಾಡುತ್ತೀಯ ಎಂದು ಯಾರೂ ಅವನನ್ನು ಕೇಳಲಿಲ್ಲ. ಚೆಲುವಮ್ಮ ಮುಂದಿನ ಸಾಲಿನಲ್ಲಿ, ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಮೊದಲ ಮೂರು ರೌಂಡು ಶಶಾಂಕ ಗಾಳಿಯಂತೆ ಓಡಾಡಿದ. ತಟ್ಟಿದ, ಜಿಗಿದ, ಮತ್ತೆ ತಟ್ಟಿದ. ಕಿಶನ್ ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಇವನನ್ನು ಸುತ್ತ ನೋಡುತ್ತಿದ್ದ, ಅಷ್ಟೆ. ಬೂಕನಕೆರೆಯವರ ಸಿಳ್ಳೆಗೆ ಮಂಟಪದ ಪಾರಿವಾಳಗಳು ಎದ್ದವು.

ಮೂರನೇ ಗಂಟೆ ಹೊಡೆಯಿತು.

ಹವ್ಯಾಸಿ ಪಂದ್ಯದಲ್ಲಿ ಒಂದು ಪದ್ಧತಿ ಇದೆ. ಆಟ ಮುಗಿದ ಮೇಲೆ ಎದುರಾಳಿಯ ಮೂಲೆಗೆ ಹೋಗಿ ಅವನ ಗುರುವಿಗೆ ಕೈ ಕೊಟ್ಟು ಬರಬೇಕು. ಶಶಾಂಕ ಕೈ ಕೊಡುವವನಲ್ಲ, ಮನೆಯಲ್ಲಿ ಕಲಿಸಿದಂತೆ ಕಾಲಿಗೆ ಬೀಳುವವನು. ಚಿಕ್ಕಂದಿನಿಂದ ಪ್ರತಿ ಪಂದ್ಯದಲ್ಲೂ ಮಾಡಿದ್ದನ್ನೇ ಈಗಲೂ ಮಾಡಿದ. ನೆಟ್ಟಗೆ ಕಿಶನ್‌ನ ಮೂಲೆಗೆ ಹೋಗಿ ಬಗ್ಗಿದ. ಗುರು ಅಷ್ಟರಲ್ಲಿ ನೀರಿನ ಬಾಟಲಿಗೆ ತಿರುಗಿದ್ದ. ಶಶಾಂಕನ ಕೈಗೆ ಸಿಕ್ಕಿದ್ದು ಸ್ಟೂಲಿನ ಮೇಲೆ ಕೂತಿದ್ದ ಕಿಶನ್‌ನ ಪಾದ.

ಅವನು ಹಾಗೆ ಬಗ್ಗಿದನೆಂದರೆ ಗೆದ್ದು ಮುಗಿಯಿತೆಂದೇ ಬೂಕನಕೆರೆಯವರು ಇಷ್ಟು ವರ್ಷ ಕಂಡಿದ್ದು. ಎಲ್ಲರೂ ಎದ್ದು ನಿಂತರು. ದೇವಯ್ಯ ಹಾರ ಸಮೇತ ಹಗ್ಗದೊಳಗೆ ತೂರಿದ. ಚೆಲುವಮ್ಮ ಕೂಡ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿದ್ದಳು.

“ಇಳೀರಿ ಕೆಳಕ್ಕೆ! ಇನ್ನೂ ಐದು ಅವೆ!” ಮಹದೇವಸ್ವಾಮಿ ಕಿರುಚಿದ.

“ಗೆದ್ದಾಯ್ತಲ್ಲ ಸಾರ್, ಇನ್ನೈದು ಯಾಕೆ?” ದೇವಯ್ಯನ ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿತ್ತು.

ಹೊರಗಿನವರು ರಿಂಗಿಗೆ ಹತ್ತಿದರೆ ಆಟಗಾರನನ್ನು ಸೋತನೆಂದು ಹೊರಗೆ ಹಾಕಬಹುದಂತೆ. ರೆಫ್ರಿ ಕೈ ಎತ್ತಿಯೇಬಿಟ್ಟಿದ್ದ. ಆಗ ಕಿಶನ್ ಸ್ಟೂಲಿನಿಂದಲೇ ನಗುತ್ತಾ ರೆಫ್ರಿಗೆ ಏನೋ ಹೇಳಿದ. ರೆಫ್ರಿ ಕೈ ಇಳಿಸಿ, ದೇವಯ್ಯನನ್ನು ಹಗ್ಗದಾಚೆ ಇಳಿಸಿದ. ಆಮೇಲೆ ಶಶಾಂಕನ ಬೆನ್ನು ತಟ್ಟಿ, ಆಶೀರ್ವಾದ ಮಾಡುವವನ ಹಾಗೆ ತಲೆ ಮುಟ್ಟಿ, ಅವನ ಮೂಲೆಯ ಕಡೆ ತಿರುಗಿಸಿ ಕಳಿಸಿದ. ಮಂಟಪಕ್ಕೆ ಮಂಟಪವೇ ನಕ್ಕಿತು. ಚೆಲುವಮ್ಮನೂ ನಕ್ಕಳು. ತಿರುಗಿ ಬರುತ್ತಿದ್ದ ಹುಡುಗನ ಮುಖ ನೋಡಿದ ಮೇಲೆ ಅವಳ ನಗು ಅಲ್ಲೇ ನಿಂತಿತು.

ನಾಲ್ಕರಿಂದ ಕಿಶನ್ ಕೆಲಸ ಶುರು ಮಾಡಿದ. ಮುಖದ ತಂಟೆಗೆ ಹೋಗಲಿಲ್ಲ. ಪಕ್ಕೆಗೆ, ಹೊಟ್ಟೆಗೆ, ಮತ್ತೆ ಅದೇ ಪಕ್ಕೆಗೆ. ಶಶಾಂಕನ ಜಿಗಿತ ನಡಿಗೆಯಾಯಿತು, ನಡಿಗೆ ತೆವಳಾಟವಾಯಿತು. ಏಳನೇ ರೌಂಡಿನಲ್ಲಿ ಮಂಡಿಯೂರಿದ. ರೆಫ್ರಿ ಎಣಿಸುತ್ತಿದ್ದ.

“ಏಳ್ಲಾ ಮಗ!” ಎಂದು ಬೂಕನಕೆರೆಯವರೆಲ್ಲ ಕೂಗಿದರು. ಚೆಲುವಮ್ಮ ಕೂಗಲಿಲ್ಲ. ಎದ್ದರೆ ಇನ್ನೂ ಏಟು, ಏಳದಿದ್ದರೆ ತಿದಿ. ಯಾವುದನ್ನು ಬೇಡಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹುಡುಗ ಎದ್ದ. ಎಂಟನೆಯದನ್ನು ಅರ್ಧ ಗುದ್ದಿ, ಅರ್ಧ ಕಿಶನ್‌ನ ಕತ್ತಿಗೆ ಜೋತುಬಿದ್ದು ಕಳೆದ. ಕೊನೆಯ ಗಂಟೆ ಹೊಡೆದಾಗ ಅವನು ನಿಂತಿದ್ದ. ಮುಂದಿನ ಸಾಲಿನಲ್ಲಿದ್ದ ಚೆಲುವಮ್ಮನಿಗೆ ಅವನ ಮಂಡಿಗಳು ಕಾಣುತ್ತಿದ್ದವು. ಎರಡೂ ಕುದಿಯುವ ಗಡಿಗೆಯ ಮುಚ್ಚಳದ ಹಾಗೆ ಅದುರುತ್ತಿದ್ದವು. ಮೂವರು ತೀರ್ಪುಗಾರರೂ ಕಿಶನ್‌ನ ಕೈ ಎತ್ತಿಸಿದರು. ದೇವಯ್ಯ ಸ್ವಲ್ಪ ಹೊತ್ತು ಯೋಚಿಸಿ ಹಾರವನ್ನು ಗೆದ್ದವನಿಗೇ ಹಾಕಿಬಂದ.

ವಾರವಿಡೀ ಶಶಾಂಕನ ಊಟ ರಾಗಿ ಅಂಬಲಿ. ಹೋಟೆಲಿಗೆ ಬಂದವರು ಬಗ್ಗಿ ಕಾಲು ಮುಟ್ಟಿ ತಮಾಷೆ ಮಾಡಿದರು. ಅವನು ಮೊದಲ ಸಲ ಅವರ ಜೊತೆ ನಕ್ಕ, ಪಕ್ಕೆ ಹಿಡಿದುಕೊಂಡು. ಮಹದೇವಸ್ವಾಮಿ ಕೊಟ್ಟ ಮಾತಿಗೆ ತಪ್ಪಲಿಲ್ಲ. “ನಿಂತಿದ್ದ. ರೆಡಿ,” ಎಂದು ಎಲ್ಲರೆದುರು ಹೇಳಿದ, ಆ ಮಂಡಿಗಳನ್ನು ಕಂಡಿದ್ದ ಚೆಲುವಮ್ಮನ ಮುಖ ಮಾತ್ರ ನೋಡದೆ.

ಮೈಸೂರಿಗೆ ಹೊರಡುವ ದಿನ ಶಶಾಂಕ ಬ್ಯಾಗು ಹೊತ್ತು ಒಲೆಯ ಹತ್ತಿರ ಬಂದ. ಮುದ್ದೆ ತಿರುವುತ್ತಿದ್ದ ಚೆಲುವಮ್ಮ, “ಬಸ್ಸು ಬಂತಲ್ಲೋ, ಓಗು,” ಎಂದಳು. ಅವನು ಹೋಗಲಿಲ್ಲ. ಬಾಗಿಲಾಚೆ ಕಾಯುತ್ತಿದ್ದ ಮಹದೇವಸ್ವಾಮಿಗೆ ಕೇಳಿಸದ ಹಾಗೆ ಬಗ್ಗಿ, ಮೆಲ್ಲಗೆ ಕೇಳಿದ:

“ಅಜ್ಜಿ, ನೀನು ಮುಂದ್ಲ ಸಾಲಲ್ಲಿ ಕೂತಿದ್ದೆ. ಒಂಬತ್ತನೇ ರೌಂಡು ಅಂತ ಒಂದಿದ್ದಿದ್ರೆ, ನಾನು ನಿಂತಿರ್ತಿದ್ನಾ?”